ಸೂಟ್‌ಕೇಸ್ ಆಮೇಲೆ ನೋಡೋಣ: ಪೆರುವಿನಿಂದ ಜಾಂಜಿಬಾರ್‌ವರೆಗೆ ಆರು ವಾರದ ತಯಾರಿ

ಪ್ರಶ್ನೆ: ನಾನು, ನನ್ನ ಗಂಡ ಮತ್ತು 68 ವರ್ಷದ ನಮ್ಮ ಅತ್ತೆ ಜೂನ್ ಕೊನೆಯಲ್ಲಿ ಆರು ವಾರದ ಪ್ರವಾಸಕ್ಕೆ ಹೊರಡುತ್ತಿದ್ದೇವೆ. ಮೊದಲು ಪೆರು, ಬೊಲಿವಿಯಾ. ಅಲ್ಲಿಂದ ಕೆನ್ಯಾ, ತಾಂಜಾನಿಯಾ, ಕೊನೆಗೆ ಜಾಂಜಿಬಾರ್. ಇಷ್ಟು ದೂರ ಹೋಗುತ್ತಿರುವುದು ಇದೇ ಮೊದಲು. ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಇನ್ನೂ ಎರಡು ತಿಂಗಳಿದೆ, ಆದರೆ ಮೂರು ದೊಡ್ಡ ಸೂಟ್‌ಕೇಸ್ ಈಗಲೇ ತುಂಬಿದೆ. ಏನೇನು ಇಟ್ಟುಕೊಳ್ಳಬೇಕು, ಒಂದು ಲಿಸ್ಟ್ ಕೊಡ್ತೀರಾ ಸರ್?

ಉತ್ತರ: ಲಿಸ್ಟ್ ಕೊಡಲ್ಲಮ್ಮ. ಕೊಟ್ಟರೆ ನೀವು ನಾಲ್ಕನೇ ಸೂಟ್‌ಕೇಸ್ ತೆಗೆಯುತ್ತೀರಿ.

ಬಹಳ ವರ್ಷ ಗುಂಪುಗಳನ್ನು ಕರೆದುಕೊಂಡು ತಿರುಗಿದ್ದೇನೆ. ಒಂದು ಶರ್ಟ್ ಕಡಿಮೆಯಾಯಿತು ಅಂತ ಅರ್ಧ ದಾರಿಯಲ್ಲಿ ವಾಪಸ್ ಹೋದವರನ್ನು ಇವತ್ತಿನವರೆಗೂ ನೋಡಿಲ್ಲ. ವಾಪಸ್ ಹೋದವರೆಲ್ಲ ಒಂದೋ ಕಾಗದ ಸರಿಯಿಲ್ಲದೆ ಹೋದರು, ಇಲ್ಲಾ ಮೈ ಕೈಕೊಟ್ಟು ಹೋದರು. ಹಾಗಾಗಿ ಕೈಗೆತ್ತಿಕೊಳ್ಳುವ ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ ಕೇಳಿ: ಇದು ಅಲ್ಲಿ ಸಿಗುತ್ತಾ? ಲೀಮಾ, ಲಾ ಪಾಜ್, ನೈರೋಬಿ ಎಲ್ಲ ದೊಡ್ಡ ಊರುಗಳು. ಸೋಪು, ಶಾಂಪೂ, ಕಾಲುಚೀಲ, ಸ್ವೆಟರ್ ಎಲ್ಲ ಸಿಗುತ್ತದೆ. ಲಾ ಪಾಜ್‌ನಲ್ಲಂತೂ ಉಣ್ಣೆಯ ಬಟ್ಟೆ ನೀವು ಇಲ್ಲಿಂದ ಹೊತ್ತೊಯ್ಯುವುದಕ್ಕಿಂತ ಚೆನ್ನಾಗಿರುವುದೇ ಸಿಗುತ್ತದೆ. ಸಿಗದೇ ಇರುವುದು ಅಂದರೆ ಅತ್ತೆಯವರು ತೆಗೆದುಕೊಳ್ಳುವ ಅದೇ ಇನ್ಸುಲಿನ್, ನಿಮ್ಮ ನಂಬರಿನ ಕನ್ನಡಕ, ಕಾಲಿಗೆ ಪಳಗಿದ ಶೂ, ಲಸಿಕೆಯ ಪುಸ್ತಕ, ಪಾಸ್‌ಪೋರ್ಟ್. ಇವಿಷ್ಟಕ್ಕೆ ಮೊದಲು ಜಾಗ ಮಾಡಿ. ಉಳಿದದ್ದು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಆದರೆ ನಿಮ್ಮ ಪತ್ರ ಓದಿದಾಗ ನನಗೆ ಸೂಟ್‌ಕೇಸ್ ನೆನಪಿಗೇ ಬರಲಿಲ್ಲ, ಬಂದದ್ದು ಯೆಲ್ಲೋ ಫೀವರ್, ಅಂದರೆ ಹಳದಿ ಜ್ವರ. ಪೆರು ಮತ್ತು ಬೊಲಿವಿಯಾ ಎರಡೂ ಆ ಜ್ವರ ಹರಡುವ ದೇಶಗಳ ಪಟ್ಟಿಯಲ್ಲಿವೆ. ಆ ಪಟ್ಟಿಯ ದೇಶದಿಂದ ಬರುವವರು ಲಸಿಕೆಯ ಸರ್ಟಿಫಿಕೇಟ್ ತೋರಿಸಬೇಕು ಅಂತ ಕೆನ್ಯಾ, ತಾಂಜಾನಿಯಾ ಎರಡೂ ಕೇಳುತ್ತವೆ. ಕೆನ್ಯಾ ಕೂಡ ಅದೇ ಪಟ್ಟಿಯಲ್ಲಿರುವುದರಿಂದ ತಾಂಜಾನಿಯಾದ ಗಡಿಯಲ್ಲಿ ಮತ್ತೊಮ್ಮೆ ಕೇಳಬಹುದು. ಲಸಿಕೆ ಹಾಕಿಸಿ 10 ದಿನ ಆದಮೇಲೆ ಸರ್ಟಿಫಿಕೇಟ್‌ಗೆ ಬೆಲೆ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ, 2016ರ ಜುಲೈನಿಂದ ಹಾಗೆ. ಅದಕ್ಕೆ ಮೊದಲು ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು, ಹಾಗಾಗಿ ಹಳೇ ಪುಸ್ತಕ ಇದ್ದರೆ ಎಸೆಯಬೇಡಿ.

ಈಗ ತೊಡಕಿನ ಮಾತು. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಳ್ಳುವಾಗ ತೀವ್ರವಾದ ಅಡ್ಡ ಪರಿಣಾಮದ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅಪರೂಪವೇ, ಆದರೆ ಇದೆ. ಅತ್ತೆಯವರಿಗೆ 68. ಅದಕ್ಕೇ ಇದು ಲಸಿಕೆ ಕೇಂದ್ರಕ್ಕೆ ಹೋಗಿ ಸುಮ್ನೆ ತೋಳು ಚಾಚುವ ವಿಷಯ ಅಲ್ಲ. ಪ್ರವಾಸಿಗಳ ಆರೋಗ್ಯ ನೋಡುವ ಡಾಕ್ಟರ್ ಹತ್ತಿರ ದಾರಿಯ ಪೂರ್ತಿ ವಿವರ ತೆಗೆದುಕೊಂಡು ಹೋಗಿ. ನೀವು ಪೆರುವಿನಲ್ಲಿ ಲೀಮಾ, ಕುಸ್ಕೊ, ಮಾಚು ಪಿಚು ಬಿಟ್ಟು ಅಮೆಜಾನ್ ಕಾಡಿನ ಕಡೆ ಹೋಗುತ್ತಿಲ್ಲ ಅಂದರೆ ಜ್ವರದ ಅಪಾಯವೇ ಬಹಳ ಕಡಿಮೆ, ಯಾಕೆಂದರೆ ಲೀಮಾ ಇರುವ ಕರಾವಳಿಯಲ್ಲಿ ಆ ಜ್ವರ ಇಲ್ಲ, 2,300 ಮೀಟರ್ ಮೇಲೆ ಅದನ್ನು ಹರಡುವ ಸೊಳ್ಳೆಯ ಕಾಟ ಇಲ್ಲ. ಆಗ ಡಾಕ್ಟರ್ ಲಸಿಕೆ ಬೇಡ ಅಂತ ನಿರ್ಧರಿಸಿ ವಿನಾಯಿತಿ ಬರೆದುಕೊಡಬಹುದು, ಅದಕ್ಕೆ ಲಸಿಕೆಯ ಆ ಹಳದಿ ಪುಸ್ತಕದಲ್ಲೇ ಒಂದು ಪುಟ ಇದೆ. ಆದರೆ ವಿನಾಯಿತಿಯನ್ನು ಒಪ್ಪುವುದು ಬಿಡುವುದು ಎದುರಿನ ದೇಶದ ಇಷ್ಟ, ಆದ್ದರಿಂದ ಟಿಕೆಟ್ ಅಂತಿಮ ಮಾಡುವ ಮೊದಲೇ ಆ ದೇಶಗಳ ರಾಯಭಾರ ಕಚೇರಿಗೆ ಬರೆದು ಉತ್ತರ ಇಟ್ಟುಕೊಳ್ಳಿ. ಎರಡು ತಿಂಗಳು ಇದಕ್ಕೇ ಬೇಕು. ಸೂಟ್‌ಕೇಸ್ ತುಂಬಲು ಎರಡು ದಿನ ಸಾಕು.

ಡಾಕ್ಟರ್ ಹತ್ತಿರ ಹೋದಾಗಲೇ ಇನ್ನೂ ಮೂರು ವಿಷಯ ಮುಗಿಸಿಬಿಡಿ. ಮೊದಲನೆಯದು ಎತ್ತರ. ಲೀಮಾ ಸಮುದ್ರದ ದಡದ ಊರು. ಅಲ್ಲಿಂದ ವಿಮಾನ ಹತ್ತಿ ಸುಮಾರು ಒಂದೂವರೆ ಗಂಟೆಯಲ್ಲಿ ಕುಸ್ಕೊದಲ್ಲಿ ಇಳಿಯುತ್ತೀರಿ, 3,400 ಮೀಟರ್. ಮೈಗೆ ಅದು ಗೊತ್ತಾಗುವುದು ರಾತ್ರಿ: ತಲೆನೋವು, ವಾಕರಿಕೆ, ನಿದ್ದೆ ಇಲ್ಲ. ಬಹಳ ಜನ ಮಾಡುವ ತಪ್ಪು ಏನೆಂದರೆ ಮೊದಲ ಎರಡು ರಾತ್ರಿ ಕುಸ್ಕೊದಲ್ಲೇ ಉಳಿಯುವುದು. ಬೇಡ. ವಿಮಾನ ನಿಲ್ದಾಣದಿಂದ ನೇರವಾಗಿ ಟ್ಯಾಕ್ಸಿಯಲ್ಲಿ ಉರುಬಾಂಬಾ ಕಣಿವೆಗೆ ಇಳಿಯಿರಿ. ಅದು ಸುಮಾರು 2,800 ಮೀಟರ್. ಅಲ್ಲಿ ಎರಡು ಮೂರು ದಿನ ಇದ್ದು, 2,430 ಮೀಟರಿನ ಮಾಚು ಪಿಚು ನೋಡಿ, ಆಮೇಲೆ ಕುಸ್ಕೊಗೆ ಹತ್ತಿ. ಅಷ್ಟು ಹೊತ್ತಿಗೆ ಮೈ ಒಗ್ಗಿರುತ್ತದೆ. ಆಮೇಲೆ ತಿತಿಕಾಕಾ ಸರೋವರ 3,810, ಲಾ ಪಾಜ್ ಸುಮಾರು 3,600. ಲಾ ಪಾಜ್‌ಗೆ ವಿಮಾನದಲ್ಲಿ ಹೋದರೆ ಇಳಿಯುವುದು ಎಲ್ ಆಲ್ತೊದಲ್ಲಿ, ಅದು 4,000 ಮೀಟರಿಗಿಂತ ಮೇಲೆ. ನಾನಾಗಿದ್ದರೆ ಅತ್ತೆಯವರನ್ನು ಕರೆದುಕೊಂಡು ಬಸ್ಸಿನಲ್ಲೇ ಹೋಗುತ್ತಿದ್ದೆ. ಎತ್ತರಕ್ಕೆ ಮುಂಚೆಯೇ ತೆಗೆದುಕೊಳ್ಳುವ ಅಸಿಟಜೋಲಮೈಡ್ ಅಂತ ಮಾತ್ರೆ ಇದೆ. ಬಿಪಿ ಮಾತ್ರೆ ಜೊತೆ ಅದು ಹೊಂದುತ್ತದಾ ಅಂತ ಡಾಕ್ಟರ್ ಹೇಳಬೇಕು, ಜೊತೆಗೆ ಬಂದ ಪ್ರವಾಸಿ ಕೊಟ್ಟರು ಅಂತ ನುಂಗಬಾರದು. ಕೂತಲ್ಲೇ ಏದುಸಿರು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಕೆಳಗೆ ಇಳಿಯಿರಿ.

ಎರಡನೆಯದು ಇನ್ಸುಲಿನ್. ಅದು ಕೈಚೀಲದಲ್ಲೇ ಇರಬೇಕು. ವಿಮಾನದ ಹೊಟ್ಟೆಗೆ ಹಾಕುವ ಬ್ಯಾಗಿನಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿದರೂ ಕೆಲಸಕ್ಕೆ ಬರುವುದಿಲ್ಲ. ಬೊಲಿವಿಯಾದ ಉಯುನಿ ಉಪ್ಪಿನ ಬಯಲಿಗೆ ಹೋಗುವವರಿದ್ದರೆ ಇದೇ ಭಯ ನೆಲದ ಮೇಲೂ ಇದೆ, ಜುಲೈ ರಾತ್ರಿ ಅಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ, ಹಲವು ಕಡೆ ಉಳಿಯುವ ಕೋಣೆಗೆ ಹೀಟರ್ ಇರುವುದಿಲ್ಲ. ರಾತ್ರಿ ಇನ್ಸುಲಿನ್ ಪೆನ್ನನ್ನು ಮೈಗೆ ತಾಗುವಂತೆ ಒಳಗಿನ ಜೇಬಿನಲ್ಲಿಟ್ಟು ಮಲಗಬೇಕು. ಜಾಂಜಿಬಾರ್‌ನಲ್ಲಿ ಉಲ್ಟಾ, ಸೆಕೆ. ನೀರಿನಲ್ಲಿ ನೆನೆಸಿದರೆ ತಂಪಾಗಿಡುವ ಚೀಲಗಳು ಬರುತ್ತವೆ, ಫ್ರಿಜ್ ಬೇಡ, ಒಂದು ತೆಗೆದುಕೊಳ್ಳಿ. ಇನ್ನೊಂದು ಯಾರೂ ಯೋಚಿಸದ ವಿಷಯ: ಪೆರುವಿಗೂ ಕೆನ್ಯಾಕ್ಕೂ ಎಂಟು ಗಂಟೆ ವ್ಯತ್ಯಾಸ. ದಾಟುವ ಆ ದಿನ ಯಾವ ಡೋಸ್ ಯಾವ ಹೊತ್ತಿಗೆ ಅಂತ ಡಾಕ್ಟರ್ ಕೈಯಲ್ಲಿ ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ಎತ್ತರದಲ್ಲಿ, ಚಳಿಯಲ್ಲಿ ಶುಗರ್ ನೋಡುವ ಮೀಟರ್ ತಪ್ಪು ತೋರಿಸಬಹುದು ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ.

ಎಲ್ಲ ಮಾತ್ರೆಯೂ ಅಂಗಡಿಯಿಂದ ಬಂದ ಸ್ಟ್ರಿಪ್ಪಿನಲ್ಲೇ ಇರಲಿ. ವಾರದ ಡಬ್ಬಿಗೆ ಬಿಡಿಬಿಡಿಯಾಗಿ ತುಂಬಿಕೊಂಡು ಹೋದರೆ ಕಸ್ಟಮ್ಸ್‌ನಲ್ಲಿ ಅದು ಏನು ಅಂತ ಹೇಳಲು ನಿಮ್ಮ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಡಾಕ್ಟರ್ ಬರೆದ ಚೀಟಿಯಲ್ಲಿ ಕಂಪನಿ ಕೊಟ್ಟ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಬೇಕು, ಆ ಕಂಪನಿಯ ಹೆಸರು ಇನ್ನೊಂದು ದೇಶದ ಔಷಧಿ ಅಂಗಡಿಯವನಿಗೆ ಗೊತ್ತಿರಲಿಕ್ಕಿಲ್ಲ. ಕೊಡೀನ್, ಟ್ರಾಮಡಾಲ್ ತರಹದ ನೋವಿನ ಮಾತ್ರೆಗಳಿಗೆ ಹಲವು ದೇಶಗಳಲ್ಲಿ ಕಟ್ಟುನಿಟ್ಟು, ದಾರಿಯಲ್ಲಿ ವಿಮಾನ ಬದಲಿಸುವ ದೇಶವನ್ನೂ ಸೇರಿಸಿ ನೋಡಿ. ಬೇಕಾದ್ದಕ್ಕಿಂತ ಎರಡು ವಾರದಷ್ಟು ಜಾಸ್ತಿ ಇಟ್ಟುಕೊಳ್ಳಿ, ಅರ್ಧ ಅತ್ತೆಯವರ ಕೈಚೀಲದಲ್ಲಿ, ಅರ್ಧ ನಿಮ್ಮದರಲ್ಲಿ.

ಮೂರನೆಯದು ಮಲೇರಿಯಾ. ಕೆನ್ಯಾ, ತಾಂಜಾನಿಯಾಕ್ಕೆ ಮಾತ್ರೆ ಬೇಕಾಗುತ್ತದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗುವ ಒಂದೆರಡು ದಿನ ಮುಂಚೆ ಶುರು ಮಾಡಿ, ಅಲ್ಲಿಂದ ಹೊರಟಮೇಲೂ 7 ದಿನ. ಡಾಕ್ಸಿಸೈಕ್ಲಿನ್ ಆದರೆ ಹೊರಟಮೇಲೆ 4 ವಾರ, ಅದನ್ನು ತೆಗೆದುಕೊಂಡಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ನಿಮಗೆ ಆಫ್ರಿಕಾ ಕೊನೆಯಲ್ಲಿ ಇರುವುದರಿಂದ ಮನೆಗೆ ಬಂದ ಮೇಲೂ ಮಾತ್ರೆ ನುಂಗಬೇಕು. ಮನೆಗೆ ಬಂದ ತಕ್ಷಣ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಬಂದು ಕೆಲವು ತಿಂಗಳಲ್ಲಿ ಜ್ವರ ಬಂದರೆ ಡಾಕ್ಟರ್‌ಗೆ ಮೊದಲ ಮಾತೇ ಆಫ್ರಿಕಾಕ್ಕೆ ಹೋಗಿದ್ದೆ ಅಂತ ಇರಲಿ.

ಹೊಟ್ಟೆ ಕೆಟ್ಟರೆ ಓಆರ್‌ಎಸ್ ಪ್ಯಾಕೆಟ್. ಅದೂ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅತ್ತೆಯವರಿಗೆ ಕೊಡುವಾಗ ಶುಗರ್ ನೋಡಿಕೊಂಡು ಕೊಡಿ. ನೀರು ಕುದಿಸುವುದಾದರೆ 2,000 ಮೀಟರ್ ಮೇಲೆ ಒಂದು ನಿಮಿಷ ಸಾಲದು, ಮೂರು ನಿಮಿಷ ಕುದಿಯಬೇಕು. ಎತ್ತರದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯಲು ಶುರುವಾಗುತ್ತದೆ, ಅದಕ್ಕೆ.

ಇನ್ಶೂರೆನ್ಸ್ ಕಾಗದ ಓದಿದ್ದೀರಾ? ನಿಜ ಹೇಳಿ. ನನ್ನ ಗುಂಪಿನಲ್ಲಿ ಒಬ್ಬರು ಪಾಲಿಸಿ ಇದೆ ಅಂತ ನಿಶ್ಚಿಂತೆಯಿಂದ ಇದ್ದರು. ಆಸ್ಪತ್ರೆಗೆ ಸೇರಿದ ದಿನ ತೆಗೆದು ನೋಡಿದರೆ 3,000 ಮೀಟರಿಗಿಂತ ಮೇಲಾದದ್ದಕ್ಕೆ ನಾವು ಜವಾಬ್ದಾರರಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಎತ್ತರದ ಮಿತಿ ಎಷ್ಟು, ಬಿಪಿ ಶುಗರ್ ಮೊದಲೇ ಇದೆ ಅಂತ ತಿಳಿಸಿದ್ದೀರಾ, ವಿಮಾನದಲ್ಲಿ ಬೇರೆ ಊರಿನ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ, ಈ ಮೂರನ್ನು ಹುಡುಕಿ. ಜಾಂಜಿಬಾರ್ ವಿಷಯ ಬೇರೆ. 2024ರ ಅಕ್ಟೋಬರ್‌ನಿಂದ ಅಲ್ಲಿಗೆ ಬರುವ ವಿದೇಶಿಯರು ಅಲ್ಲಿನದೇ ಇನ್ಶೂರೆನ್ಸ್ ಕೊಳ್ಳಬೇಕು, ನಿಮ್ಮದು ಇದ್ದರೂ ಸಹ.

ಇನ್ನು ಕಾಗದ. ಪಾಸ್‌ಪೋರ್ಟ್‌ಗೆ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಆಯಸ್ಸು ಇರಬೇಕು, ಖಾಲಿ ಪುಟಗಳು ಇರಬೇಕು. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕು. ಕೆನ್ಯಾ 2024ರ ಜನವರಿಯಿಂದ ವೀಸಾ ತೆಗೆದುಹಾಕಿ ಇಟಿಎ ಅಂತ ಒಂದು ಪ್ರಯಾಣದ ಅನುಮತಿ ಮಾಡಿದೆ, ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ಪಡೆಯಬೇಕು, ಅಲ್ಲಿ ಇಳಿದ ಮೇಲೆ ನೋಡೋಣ ಅಂದರೆ ವಿಮಾನ ಹತ್ತಲಿಕ್ಕೇ ಬಿಡುವುದಿಲ್ಲ. ದಕ್ಷಿಣ ಅಮೆರಿಕದಿಂದ ಆಫ್ರಿಕಾಕ್ಕೆ ಯಾವ ದಾರಿಯಲ್ಲಿ ಹೋಗುತ್ತಿದ್ದೀರಿ ಅಂತ ನೀವು ಬರೆದಿಲ್ಲ. ಅಮೆರಿಕದ ಮೂಲಕ ಅಂದರೆ ಜೋಪಾನ. ಬೇರೆಡೆಯಂತೆ ವಿಮಾನ ನಿಲ್ದಾಣದ ಒಳಗೇ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವ ವ್ಯವಸ್ಥೆ ಅಲ್ಲಿಲ್ಲ, ಎರಡು ಗಂಟೆ ನಿಲ್ಲುವುದಾದರೂ ಇಮಿಗ್ರೇಷನ್ ದಾಟಬೇಕು, ಅದಕ್ಕೆ ಬೇಕಾದ ವೀಸಾ ಇರಬೇಕು.

ಫೋನ್ ಬಗ್ಗೆ ಒಂದು ಕಥೆ ಹೇಳುತ್ತೇನೆ. ಒಂದು ಸಂತೆಯಲ್ಲಿ ನಮ್ಮ ಗುಂಪಿನ ಒಬ್ಬ ಹೆಂಗಸಿನ ಕೈಯಿಂದ ಫೋನ್ ಕಿತ್ತುಕೊಂಡು ಓಡಿದರು. ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್, ಗಂಡನ ನಂಬರ್ ಎಲ್ಲ ಅದರಲ್ಲೇ. ಗಂಡನ ನಂಬರ್ ಅವರಿಗೆ ಬಾಯಿಪಾಠ ಇರಲಿಲ್ಲ! ಯಾರಿಗಿರುತ್ತದೆ ಹೇಳಿ. ಬೇರೆ ಫೋನಿನಿಂದ ಇಮೇಲ್ ತೆರೆಯಲು ಹೋದರೆ, ಕಳೆದುಹೋದ ಫೋನಿಗೇ ಓಟಿಪಿ ಕಳಿಸಿದ್ದೇವೆ ಅಂತ ಬಂತು. ಎರಡು ದಿನ ಅದರಲ್ಲೇ ಹೋಯಿತು. ಅಂದಿನಿಂದ ಎಲ್ಲರಿಗೂ ಒಂದು ಹಾಳೆ ಮಾಡಿಸುತ್ತೇನೆ. ಪಾಸ್‌ಪೋರ್ಟ್ ನಂಬರ್, ಇನ್ಶೂರೆನ್ಸ್ ನಂಬರ್, ಕಾರ್ಡ್ ಬ್ಲಾಕ್ ಮಾಡಲು ವಿದೇಶದಿಂದ ಕರೆಯುವ ನಂಬರ್, ಮನೆಯ ಇಬ್ಬರ ನಂಬರ್, ಮೊದಲ ಹೋಟೆಲಿನ ವಿಳಾಸ. ಪೆನ್ನಿನಲ್ಲಿ ಬರೆದು ಮೂರು ಪ್ರತಿ, ಮೂವರ ಬ್ಯಾಗಿನಲ್ಲಿ ಒಂದೊಂದು. ಕಾರ್ಡಿನ ಪಿನ್ ಮಾತ್ರ ಬರೆಯಬೇಡಿ. ನಿಮ್ಮ ಸಿಮ್‌ಗೆ ರೋಮಿಂಗ್ ಹೊರಡುವ ಮುಂಚೆಯೇ ಚಾಲೂ ಮಾಡಿ, ಕನಿಷ್ಠ ಮೆಸೇಜ್ ಬರುವಷ್ಟು, ಇಲ್ಲದಿದ್ದರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ.

ದುಡ್ಡಿಗೆ ಎರಡು ಬೇರೆ ಬೇರೆ ಕಾರ್ಡ್, ಒಂದು ವೀಸಾ ಒಂದು ಮಾಸ್ಟರ್‌ಕಾರ್ಡ್ ಆದರೆ ಒಳ್ಳೆಯದು, ಎರಡೂ ಒಂದೇ ಪರ್ಸಿನಲ್ಲಿ ಇಡಬೇಡಿ. ಎಟಿಎಂ ಅಥವಾ ಅಂಗಡಿಯ ಮೆಷಿನ್ ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲಾ ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಹಣವನ್ನೇ ಒತ್ತಿ. ಮನೆಯ ಹಣದಲ್ಲಿ ಕಾಣುವ ಆ ಲೆಕ್ಕಕ್ಕೆ ಅವರು ತಮ್ಮ ದರ ಸೇರಿಸುತ್ತಾರೆ. ಬದಲಾಯಿಸಲು ಸ್ವಲ್ಪ ಅಮೆರಿಕನ್ ಡಾಲರ್ ಇರಲಿ, ಆದರೆ ನೋಟು ಹೊಸದಾಗಿರಬೇಕು. ಅಂಚು ಚೂರು ಹರಿದಿದ್ದರೂ ಪೆರು, ಬೊಲಿವಿಯಾದಲ್ಲಿ ವಾಪಸ್ ಕೊಡುತ್ತಾರೆ. ಪೂರ್ವ ಆಫ್ರಿಕಾದಲ್ಲಿ ನೋಟಿನ ಮೇಲಿನ ವರ್ಷವನ್ನೂ ನೋಡುತ್ತಾರೆ, 2006ಕ್ಕಿಂತ ಹಿಂದಿನದನ್ನು ಬಹಳ ಕಡೆ ಮುಟ್ಟುವುದಿಲ್ಲ.

ಈಗ ಬರೋಣ ಸೂಟ್‌ಕೇಸ್‌ಗೆ. ಮೂರರಲ್ಲಿ ಎರಡನ್ನು ಖಾಲಿ ಮಾಡಿ ಅಟ್ಟಕ್ಕೆ ಹಾಕಿ. ಬದಲಿಗೆ ಮೆತ್ತನೆಯ ಬಟ್ಟೆಯ ಬ್ಯಾಗ್ ತನ್ನಿ. ಇದು ನನ್ನ ಹುಚ್ಚು ಅಲ್ಲ. ಸಫಾರಿಯಿಂದ ಜಾಂಜಿಬಾರ್‌ಗೆ ಹೋಗುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ, ಕೈಚೀಲವೂ ಸೇರಿ, ಅದೂ ಮೆತ್ತನೆಯ ಬ್ಯಾಗ್ ಮಾತ್ರ. ಗಟ್ಟಿ ಪೆಟ್ಟಿಗೆ ಅವರ ಸಣ್ಣ ಗೂಡಿಗೆ ಹೋಗುವುದೇ ಇಲ್ಲ. ಹಾಗಾಗಿ ಆರು ವಾರಕ್ಕೂ 15 ಕಿಲೋ ಅಂತ ಈಗಲೇ ಗೆರೆ ಎಳೆದುಕೊಳ್ಳಿ. ಆರು ವಾರದ ಬಟ್ಟೆ ಯಾರೂ ಒಯ್ಯುವುದಿಲ್ಲ, ಒಂದು ವಾರದ್ದು ಒಯ್ದು ಒಗೆಯುತ್ತಾರೆ. ರಾತ್ರಿ ಒಗೆದರೆ ಬೆಳಿಗ್ಗೆ ಒಣಗುವ ಬಟ್ಟೆ ಇರಬೇಕು. ಜೀನ್ಸ್ ಬೇಡ, ಒದ್ದೆಯಾದರೆ ಎರಡು ದಿನ ಹಸಿ ವಾಸನೆ ಹೊಡೆಯುತ್ತಾ ಕೂರುತ್ತದೆ.

ಚಳಿಗೆ ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ಹಾಕುವ ತೆಳು ಬಟ್ಟೆ ಮೇಲು. ಮೈಗಂಟುವ ಒಳ ಉಡುಪು, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಕುಸ್ಕೊದಲ್ಲಿ ಜುಲೈ ಅಂದರೆ ಮಧ್ಯಾಹ್ನ ಸುಡುವ ಬಿಸಿಲು, ರಾತ್ರಿ ಸೊನ್ನೆಯ ಹತ್ತಿರ. ಒಂದೇ ದಿನದಲ್ಲಿ ಮೂರು ಸಲ ಹಾಕಿ ತೆಗೆಯುತ್ತೀರಿ. ಚಳಿ ಬೊಲಿವಿಯಾಕ್ಕೇ ಮುಗಿಯಿತು ಅಂದುಕೊಂಡು ಎಲ್ಲವನ್ನೂ ಅಲ್ಲೇ ಬಿಟ್ಟು ಬರಬೇಡಿ. ತಾಂಜಾನಿಯಾದ ಎನ್‌ಗೊರೊಂಗೊರೊ ಕುಳಿಯ ಅಂಚು ಸುಮಾರು 2,300 ಮೀಟರ್, ಜುಲೈ ಬೆಳಿಗ್ಗೆ ತೆರೆದ ಜೀಪಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಬಣ್ಣದ ವಿಷಯಕ್ಕೆ ನಗಬೇಡಿ. ಸಫಾರಿಗೆ ಕಡು ನೀಲಿ, ಕಪ್ಪು ಬೇಡ. ತ್ಸೆತ್ಸೆ ನೊಣಕ್ಕೆ ಆ ಎರಡು ಬಣ್ಣ ಅಂದರೆ ಪ್ರಾಣ, ಅದನ್ನು ಹಿಡಿಯುವ ಬಲೆಗಳನ್ನೇ ನೀಲಿ ಕಪ್ಪು ಬಟ್ಟೆಯಲ್ಲಿ ಮಾಡುತ್ತಾರೆ. ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ಸೊಳ್ಳೆಯ ಮುಲಾಮಿಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಮಣ್ಣಿನ ಬಣ್ಣದ, ಸ್ವಲ್ಪ ದಪ್ಪನೆಯ ಉದ್ದ ತೋಳಿನದು ಹಾಕಿ. ಸೈನಿಕರ ಹಸಿರು ಮಚ್ಚೆಯ ಬಟ್ಟೆ ಮಾತ್ರ ಬೇಡವೇ ಬೇಡ, ಹಲವು ದೇಶಗಳಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದೇ ಅಪರಾಧ. ಪ್ಲಾಸ್ಟಿಕ್ ಕೈಚೀಲಗಳನ್ನೂ ತೆಗೆದಿಡಿ. ಕೆನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ನಿಷೇಧ. ಒಂದೊಂದು ಜೊತೆ ಬಟ್ಟೆಯನ್ನು ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡುವ ಅಭ್ಯಾಸ ನಿಮಗಿದ್ದರೆ ಬಟ್ಟೆಯ ಚೀಲಕ್ಕೆ ಬದಲಾಯಿಸಿ.

ಮೂವರ ಬಟ್ಟೆಯನ್ನು ಬೆರೆಸಿ ತುಂಬಿ. ನಿಮ್ಮ ಎರಡು ಜೊತೆ ಅತ್ತೆಯವರ ಬ್ಯಾಗಿನಲ್ಲಿ, ಅವರದ್ದು ನಿಮ್ಮದರಲ್ಲಿ. ಒಂದು ಬ್ಯಾಗ್ ಬರದಿದ್ದರೂ ಯಾರೂ ಉಟ್ಟ ಬಟ್ಟೆಯಲ್ಲೇ ಉಳಿಯುವುದಿಲ್ಲ. ಬ್ಯಾಗ್ ಬರಲಿಲ್ಲ ಅಂದರೆ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡುವ ಮುಂಚೆ ದೂರು ಬರೆಸಿ, ನಂಬರ್ ಇರುವ ಕಾಗದ ತೆಗೆದುಕೊಳ್ಳಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಕೌಂಟರಿನವರು ನಾಳೆ ಫೋನ್ ಮಾಡಿ ಅಂದರೆ ತಲೆಯಾಡಿಸಿ ಬರಬೇಡಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವಾಟ್-ಅವರ್ ಒಳಗೆ. 20,000 ಎಂಎಎಚ್ ಅಂತ ಬರೆದಿರುವುದು ಸುಮಾರು 74 ವಾಟ್-ಅವರ್ ಆಗುತ್ತದೆ, ಸಾಕು. ಪೆರು, ಬೊಲಿವಿಯಾದಲ್ಲಿ ಎರಡು ಕಡ್ಡಿಯ ಪ್ಲಗ್, ಕೆನ್ಯಾ, ತಾಂಜಾನಿಯಾದಲ್ಲಿ ಬ್ರಿಟಿಷರ ಮೂರು ಚಪ್ಪಟೆ ಕಡ್ಡಿಯದು. ಎರಡಕ್ಕೂ ಆಗುವ ಒಂದು ಅಡಾಪ್ಟರ್, ಜೊತೆಗೆ ಮೂರು ಫೋನ್ ಒಟ್ಟಿಗೆ ಹಾಕುವ ಚಾರ್ಜರ್ ತೆಗೆದುಕೊಳ್ಳಿ.

ಶೂ ಹೊಸದು ತೆಗೆದುಕೊಳ್ಳುವುದಾದರೆ ಇದೇ ವಾರ ತೆಗೆದುಕೊಂಡು ದಿನಾ ಹಾಕಿ ನಡೆಯಿರಿ. ಅತ್ತೆಯವರಿಗೆ ಶುಗರ್ ಇರುವುದರಿಂದ ಕಾಲಿನ ಒಂದು ಗುಳ್ಳೆಯೂ ಸಣ್ಣ ವಿಷಯ ಅಲ್ಲ. ಹೊರಡುವ ಒಂದು ವಾರ ಮುಂಚೆ ತುಂಬಿದ ಬ್ಯಾಗ್ ಎತ್ತಿಕೊಂಡು ಮೂವರೂ ಅರ್ಧ ಗಂಟೆ ನಡೆದು, ಎರಡು ಮಹಡಿ ಹತ್ತಿ ಇಳಿಯಿರಿ. ಆಮೇಲೆ ಯಾವುದನ್ನು ತೆಗೆಯಬೇಕು ಅಂತ ನನ್ನನ್ನು ಕೇಳಬೇಕಾಗಿಲ್ಲ.

ವಾಪಸ್ ಬರುವಾಗಿನ ಎರಡು ಮಾತು. ಕುಸ್ಕೊದ ಹೋಟೆಲ್‌ಗಳಲ್ಲಿ ಕೋಕಾ ಎಲೆಯ ಟೀ ಕೊಡುತ್ತಾರೆ, ಅಲ್ಲಿ ಅದು ಕಾನೂನುಬದ್ಧ, ಕುಡಿಯಿರಿ. ಆದರೆ ನೆನಪಿಗೆ ಅಂತ ಅದರ ಪೊಟ್ಟಣ ಬ್ಯಾಗಿನಲ್ಲಿಟ್ಟುಕೊಂಡು ಗಡಿ ದಾಟಬೇಡಿ, ಬೇರೆ ಬಹುತೇಕ ದೇಶಗಳಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಜಾಂಜಿಬಾರ್ ದಡದಲ್ಲಿ ಹೆಕ್ಕಿದ ಚಿಪ್ಪು, ಹವಳವನ್ನೂ ಅಲ್ಲೇ ಬಿಡಿ, ಪರವಾನಗಿ ಇಲ್ಲದೆ ಒಯ್ಯುವುದು ತಪ್ಪು.

ಡಾಕ್ಟರ್ ಹತ್ತಿರ ನಾಳೆಯೇ ಟೈಮ್ ತೆಗೆದುಕೊಳ್ಳಿ. ಲಸಿಕೆಯ ಬಗ್ಗೆ ಅವರು ಏನಂದರು, ಆಫ್ರಿಕಾಕ್ಕೆ ಯಾವ ದಾರಿಯಲ್ಲಿ ಹೋಗುತ್ತೀರಿ, ಇವೆರಡನ್ನೂ ಬರೆದು ಕಳಿಸಿ. ಅತ್ತೆಯವರಿಗೆ ಲಸಿಕೆ ಬೇಡ ಅಂದುಬಿಟ್ಟರೆ ಮತ್ತೆ ಕೂತು ದಾರಿಯನ್ನೇ ನೋಡಬೇಕಾಗುತ್ತದೆ.